ಗೋರಿಕಲ್ಲಿಗೆ ಇಂಗ್ಲಿಷ್ ಪ್ರಾಸ

ಊಹಿಸಿ ನೋಡೋಣ. ಮರ್ಫಿ ಟೌನಿನ ಒಬ್ಬ ಹೆಂಗಸು, ತೀರಿಕೊಂಡು ಹನ್ನೊಂದು ತಿಂಗಳಾದ ಮೇಲೆ, ಬದುಕಿರುವ ಗಂಡನ ಜೊತೆ ಒಂದು ಜಗಳ ಗೆದ್ದಳು. ಹೇಗೆ? ಕನಸಿನಲ್ಲಿ ಬಂದು ಅಲ್ಲ. ಯಾರ ಮೈಮೇಲೋ ಬಂದೂ ಅಲ್ಲ. ವಿಲ್ಲು, ಕಾಗದ, ಫೋನಿನ ರೆಕಾರ್ಡಿಂಗು, ಯಾವುದೂ ಅಲ್ಲ. ಹಾಡಹಗಲು, ಜನಜಂಗುಳಿಯ ನಡುವೆ ಗೆದ್ದಳು. ನಾನೇ ಸಾಕ್ಷಿ.

ಹೊಳೆಯಲಿಲ್ಲ ಅಲ್ಲವೇ? ಇರಲಿ, ಹೇಳುತ್ತೇನೆ. ಆದರೆ ನೇರ ಅಲ್ಲಿಗೇ ಹಾರಿದರೆ ರುಚಿ ಕೆಡುತ್ತದೆ. ಸಿ.ವಿ. ರಾಮನ್ ನಗರದಲ್ಲಿ ಪೆನ್ಷನ್ ತಗೊಂಡು ತೆಪ್ಪಗಿರಬೇಕಾದ ನಾನು ಇದೆಲ್ಲ ನಡೆದ ಸಿಮೆಟ್ರಿಯಲ್ಲಿ, ಕ್ರಿಶ್ಚಿಯನ್ನರ ಸ್ಮಶಾನದಲ್ಲಿ, ಯಾಕಿದ್ದೆ ಅನ್ನೋದು ಮೊದಲು ಗೊತ್ತಾಗಬೇಕು. ನನಗೊಂದು ಚಟ ಇದೆ: ಇಂಗ್ಲಿಷಿನಲ್ಲಿ ಪ್ರಾಸಪದ ಹುಡುಕೋದು. ಬೇರೆಯವರು ರಿಟೈರಾದ ಮೇಲೆ ಸುಡೋಕು ಬಿಡಿಸುತ್ತಾರೆ. ನಾನು ಗ್ರೇವ್ ಅಂದರೆ ಬ್ರೇವ್, ಸೇವ್, ವೇವ್ ಅಂತ ಬೆರಳು ಮಡಿಸುತ್ತೇನೆ. ಗೋರಿ, ಧೀರ, ಉಳಿಸು, ಅಲೆ. ನೋಡಿ, ಒಂದು ಗೋರಿಗೆ ಎಷ್ಟೊಂದು ನೆಂಟರು! ನಮ್ಮ ಹಳಗನ್ನಡದವರು ಪ್ರಾಸವನ್ನು ಸಾಲಿನ ತಲೆಯ ಹತ್ತಿರ, ಎರಡನೇ ಅಕ್ಷರದಲ್ಲಿ ಇಟ್ಟರು. ಇಂಗ್ಲಿಷಿನವರು ಬಾಲಕ್ಕೆ ಕಟ್ಟಿದರು. ನಾನು ಬಿ.ಎ.ಯಲ್ಲಿ ಎರಡನ್ನೂ ಓದಿದೆ, ಬಾಲವನ್ನು ಹಿಡಿದುಕೊಂಡೆ. ಈ ಚಟ ಇರುವವನ ಮನೆ ಬಾಗಿಲಿಗೆ ಅಳುವವರೇ ಬರುತ್ತಾರೆ. ಬಂದವರು ಏನಾದರೊಂದು ನಗೆಪಾಟಲು ಮಾಡದೆ ಹೋಗೋದಿಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ.

೧. ಹದಿನಾಲ್ಕನೇ ನಂಬರ್

ನಾನು ಕೆಲಸ ಮಾಡಿದ್ದು ಇನ್ಶೂರೆನ್ಸ್ ಆಫೀಸಿನಲ್ಲಿ, ಡೆತ್ ಕ್ಲೇಮ್ ಸೆಕ್ಷನ್ನು. ಬೆಳಿಗ್ಗೆ ಹತ್ತರಿಂದ ಸಾಯಂಕಾಲ ಐದರವರೆಗೆ ಸತ್ತವರ ಕಡೆಯವರ ಜೊತೆಗೇ ವ್ಯವಹಾರ. ನಮ್ಮ ಟೈಪಿಸ್ಟ್ ಹಲಸೂರಿನವರು. ಕಂಟೋನ್ಮೆಂಟ್ ಕಡೆ ಒಂದು ಪದ್ಧತಿ ನಿಮಗೆ ಗೊತ್ತಿರುತ್ತದೆ: ಪ್ರತಿ ವರ್ಷ ಸತ್ತವರ ತಿಥಿ ಬಂದಾಗ ಇಂಗ್ಲಿಷ್ ಪೇಪರಿನಲ್ಲಿ ಒಂದು ಫೋಟೋ, ಕೆಳಗೆ ಪ್ರಾಸಬದ್ಧ ನಾಲ್ಕು ಸಾಲು, ಅದರ ಕೆಳಗೆ ದುಃಖತಪ್ತರ ಹೆಸರು. ಆ ನಾಲ್ಕು ಸಾಲು ಯಾರೂ ಬರೆಯೋದಿಲ್ಲ. ಜಾಹೀರಾತು ಕೌಂಟರಿನಲ್ಲಿ ರೆಡಿಮೇಡ್ ಪದ್ಯಗಳಿರುತ್ತವೆ, ನಂಬರ್ ಹಾಕಿ. ಕೌಂಟರಿನವನು ತಲೆ ಎತ್ತದೆ ಕೇಳುತ್ತಾನೆ, "ಎಷ್ಟನೇ ನಂಬರ್ ಹಾಕ್ಲಿ ಮೇಡಂ?"

ಟೈಪಿಸ್ಟ್ ಅವರ ತಂದೆಗೆ ಹದಿನಾಲ್ಕನೇ ನಂಬರ್ ಹಾಕಿಸಿದರು. ಮಾರನೆ ದಿನ ಪೇಪರ್ ತೆರೆದರೆ ಅದೇ ಪುಟದಲ್ಲಿ ಮೂರು ಜನಕ್ಕೆ ಹದಿನಾಲ್ಕನೇ ನಂಬರು. ಅದರಲ್ಲಿ ಒಬ್ಬಾತ ತಂದೆಯ ಜೊತೆ ಕೋರ್ಟಿನಲ್ಲಿ ಹೊಡೆದಾಡಿದ ಪಕ್ಕದ ಮನೆಯವನು!

"ಸಾರ್, ಮುಂದಿನ ವರ್ಷಕ್ಕೆ ನೀವೇ ಬರೆದುಕೊಡಿ. ನಮ್ಮಪ್ಪನಿಗೆ ಮಾತ್ರ ಆಗಬೇಕು, ಇನ್ನೊಬ್ಬರಿಗೆ ಆಗಬಾರದು," ಅಂತ ಕಣ್ಣೊರೆಸಿಕೊಂಡರು.

ನಾನು ಟಿಯರ್ ಹಿಡಿದು ಇಯರ್, ನಿಯರ್, ಡಿಯರ್ ಅಂತ ಹೊರಟೆ. ಕಣ್ಣೀರು, ವರ್ಷ, ಹತ್ತಿರ, ಪ್ರೀತಿಯ. ನಾಲ್ಕು ಸಾಲು ತಾವಾಗಿಯೇ ನಿಂತುಕೊಂಡವು. ಪೇಪರಿನಲ್ಲಿ ಬಂದ ದಿನ ಸೆಕ್ಷನ್ನಿಗೆಲ್ಲ ಖಾರಾಬೂಂದಿ ಕೊಡಿಸಿದೆ. ಮುಂದಿನ ವಾರ ನೋಡಿದರೆ ಅದೇ ಪದ್ಯ ಇನ್ನೊಬ್ಬರ ಕೆಳಗೆ. ಆಮೇಲೆ ಇನ್ನಿಬ್ಬರ ಕೆಳಗೆ. ಕೌಂಟರಿನವನಿಗೆ ಹಿಡಿಸಿ, ಅದಕ್ಕೂ ಒಂದು ನಂಬರ್ ಕೊಟ್ಟಿದ್ದ. ಇಷ್ಟೊಂದು ಸಲ ಮರುಮುದ್ರಣ ಕಂಡ ಕವಿ ಇನ್ನೊಬ್ಬನಿಲ್ಲ. ಬೇಸರ ಒಂದೇ, ಯಾರನ್ನು ಹೊಗಳಿ ಬರೆದಿದ್ದೇನೋ ಅವರಲ್ಲಿ ಒಬ್ಬರೂ ಇದುವರೆಗೆ ಓದಿ ಚೆನ್ನಾಗಿದೆ ಅನ್ನಲಿಲ್ಲ.

೨. ಒಬ್ಬರು ಓದಿದರು

ತಪ್ಪಾಯಿತು, ಒಬ್ಬರು ಓದಿದರು.

ಕಗ್ಗದಾಸಪುರದ ಹಳೇ ಮನೆತನ. ಮುಂಚೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಾಲ್ಕಂತಸ್ತಿನ ಬಾಡಿಗೆ ಮನೆಗಳು. ಯಜಮಾನರು ಆಸ್ಪತ್ರೆಯಲ್ಲಿದ್ದರು. ಡಾಕ್ಟರು ಆಸೆ ಬಿಡಿ ಅಂದಿದ್ದರಂತೆ. ದೊಡ್ಡ ಮಗ ನನ್ನ ಹತ್ತಿರ ಬಂದ.

"ಸಾರ್, ಬ್ಯಾನರ್‌ಗೆ ಇಂಗ್ಲಿಷ್‌ನಾಗೆ ನಾಲ್ಕು ಲೈನು ಬೇಕಿತ್ತು. ಬಾಡಿಗೆಯೋರೆಲ್ಲ ಹೊರಗಿನೋರು, ಕನ್ನಡದಾಗೆ ಹಾಕಿದ್ರೆ ನಮ್ಮಪ್ಪ ಯಾರು ಅಂತ ಅವರಿಗೆ ಹೆಂಗೆ ಗೊತ್ತಾಗ್ಬೇಕು?"

"ಇನ್ನೂ ಇದ್ದಾರಲ್ಲಪ್ಪ?"

"ಇದಾರೆ ಸಾರ್. ಆದ್ರೆ ನಾಡಿದ್ದು ಆಯುಧಪೂಜೆ. ಬ್ಯಾನರ್ ಅಂಗಡಿಯೋನು ಮೆಷಿನ್‌ಗೆ ಕುಂಬಳಕಾಯಿ ಒಡೆದ್ರೆ ಹಬ್ಬ ಮುಗಿಯೋ ತಂಕ ಮುಟ್ಟಲ್ಲ. ನಮ್ಮಪ್ಪ ಹಬ್ಬದ ದಿನಾನೇ ಹೋಗ್ಬಿಟ್ರೆ ಏನ್ ಮಾಡೋದು?"

ಆ ಪ್ರಶ್ನೆಗೂ ನನ್ನ ಹತ್ತಿರ ಇದ್ದದ್ದು ಪ್ರಾಸವೇ. ಬರೆದುಕೊಟ್ಟೆ. ಬ್ಯಾನರ್ ಆಯಿತು, ಪೂಜೆ ಆಯಿತು, ಯಜಮಾನರು ಎದ್ದು ಕೂತರು! ಮನೆಗೂ ಬಂದರು. ಬಂದವರು ಹಾಲ್‌ನ ಮೂಲೆಯಲ್ಲಿ ಸುತ್ತಿಟ್ಟಿದ್ದ ಬ್ಯಾನರನ್ನು ತಾವೇ ಬಿಡಿಸಿ ನೋಡಿ, ಬರೆದವರನ್ನು ಕರೆಸಿ ಅಂದರು. ಹೋಗಿ ಕೈಕಟ್ಟಿ ನಿಂತೆ.

"ಇದೇನ್ ಸಾಮಿ, ಕೊನೇಲಿ ರೆಸ್ಟ್ ಅಂತ?"

"ವಿಶ್ರಾಂತಿ ಅಂತ."

"ಬೆಸ್ಟ್?"

"ಎಲ್ಲರಿಗಿಂತ ಉತ್ತಮರು."

"ಹ್ಞೂ. ಗೆಸ್ಟ್?"

"ಅತಿಥಿ. ಸ್ವರ್ಗದ ಅತಿಥಿ."

"ಯಾರು?"

"ತಾವೇ."

ಬ್ಯಾನರನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು. ಆಮೇಲೆ ಮಗನ ಕಡೆ ತಿರುಗಿ, "ಪದ ಚೆನ್ನಾಗವೆ, ಇರ್ಲಿ ಬಿಡು. ಈ ಫೋಟೋದಾಗೆ ಮಾತ್ರ ಪೇಟ ಸೊಟ್ಟಗಿದೆ, ಬೇರೆ ಹಾಕ್ಸು," ಅಂದರು. ಬೇರೆ ಹಾಕಿಸಿದರು. ದಂಡವಾಗಲಿಲ್ಲ, ದೀಪಾವಳಿಗೆ ಮುಂಚೆಯೇ ಬಳಕೆಗೆ ಬಂತು. ಆ ರಸ್ತೆಯಲ್ಲಿ ಪೇಟ ನೆಟ್ಟಗಿದ್ದ ಶ್ರದ್ಧಾಂಜಲಿ ಬ್ಯಾನರು ಅದೊಂದೇ.

೩. ಪೂರ್ತಿ ಹೆಸರು

ಈ ಸುದ್ದಿ ನಮ್ಮ ಪಾರ್ಕಿಗೂ ತಲುಪಿತು. ಅಲ್ಲಿ ಸಂಜೆ ನಮ್ಮಂಥ ಮುದುಕರ ಒಂದು ಬೆಂಚು. ಒಬ್ಬರು ಹೊಸದಾಗಿ ಸೇರಿದ್ದರು, ಸ್ವಲ್ಪ ಕೆಮ್ಮು. ಮಾತಿಗೆ ಮಾತು ಬರಲಿ ಅಂತ ನಾನು, "ನಿಮ್ಮ ಪೂರ್ತಿ ಹೆಸರೇನು ಸಾರ್?" ಅಂದೆ.

ಅವರು ಎದ್ದುಹೋದರು. ಮತ್ತೆ ಆ ಪಾರ್ಕಿಗೇ ಬರಲಿಲ್ಲ. ಈಗ ನಾನು ಹೋದರೆ ಇಡೀ ಬೆಂಚು ನನಗೇ ಬಿಟ್ಟುಕೊಡುತ್ತಾರೆ. ಮನೆಯವಳ ಹತ್ತಿರ ಹೇಳಿಕೊಂಡೆ. ಅವಳು ಹೂಕೋಸು ಬಿಡಿಸುತ್ತಿದ್ದವಳು ತಲೆ ಎತ್ತದೆ, "ಮೊನ್ನೆ ನನಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡ್ತಾ ತುಟಿ ಅಲ್ಲಾಡಿಸ್ತಿದ್ರಲ್ಲ, ಎಷ್ಟು ಸಾಲು ಆಗಿತ್ತು?" ಅಂದಳು.

ಎರಡಾಗಿತ್ತು.

೪. ಫಾದರ್ ಬಂದದ್ದು

ಈಗ ಮರ್ಫಿ ಟೌನಿಗೆ ಬರೋಣ. ಮದುವೆಯಾದ ಹೊಸದರಲ್ಲಿ ನಾವು ಅಲ್ಲೊಂದು ವಠಾರದಲ್ಲಿದ್ದೆವು. ಪಕ್ಕದ ಮನೆಯವನು ಫ್ಯಾಕ್ಟರಿಯಲ್ಲಿ ಟರ್ನರ್. ಲೇತ್ ಮೆಷಿನ್ ಮುಂದೆ ನಿಂತು ಕಬ್ಬಿಣ ಕಡೆಯುವ ಕೆಲಸ. ತಮಿಳು ಮನೆಮಾತಿನ ಕ್ರಿಶ್ಚಿಯನ್, ನನ್ನ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ. ಅವತ್ತಿನಿಂದ ಇವತ್ತಿನವರೆಗೂ ಗೆಳೆಯ. ಅವನ ಹೆಂಡತಿ ಕಾನ್ವೆಂಟಿನಲ್ಲಿ ಓದಿದವರು. ನಾನು ಅಕ್ಕ ಅಂತಲೇ ಕರೆಯುತ್ತಿದ್ದುದು.

ಅಕ್ಕನ ಮನೆ ಕನ್ನಡಿಯಂಥದ್ದು. ಇವನ ಬೂಟಿಗೆ ಕಬ್ಬಿಣದ ಸುರುಳಿ ಚೂರು ಅಂಟಿಕೊಂಡು ಬರುತ್ತಿತ್ತು, ಬರಿಗಾಲಿಗೆ ಚುಚ್ಚುತ್ತಿತ್ತು. ಅದಕ್ಕೆ ಬಾಗಿಲಲ್ಲಿ ಒಂದು ಗೋಣಿತಾಟು. ಗೇಟು ಕಿರ್ ಅಂದರೆ ಸಾಕು, ಅಡಿಗೆಮನೆಯಿಂದ, "ಕಾಲೊರಸ್ಕೊಂಡ್ ಬಾ!" ಇವನು ರಿಟೈರಾದ, ಬೂಟು ಹೋಗಿ ಚಪ್ಪಲಿ ಬಂತು. ಗೋಣಿತಾಟೂ ಹೋಗಲಿಲ್ಲ, ಕೂಗೂ ಹೋಗಲಿಲ್ಲ. ಇವನು ಏನಾದರೂ ಎದುರು ಹೇಳಿದರೆ ಅಕ್ಕ ಅದರ ಮೇಲೊಂದು ಹೇಳುತ್ತಿದ್ದರು. ಇವನು ಇನ್ನೊಂದು, ಅವರು ಮತ್ತೊಂದು. ಕೊನೆಯ ಮಾತು ಯಾವತ್ತೂ ಅವರದೇ.

ಕಳೆದ ಡಿಸೆಂಬರಿನಲ್ಲಿ ಅಕ್ಕನ ಕಾಯಿಲೆ ಕೈಮೀರಿತು. ಇನ್ನು ಆಸ್ಪತ್ರೆ ಬೇಡ ಅಂತ ಮನೆಗೆ ಕರೆತಂದರು. ಎರಡು ದಿನದಿಂದ ಕಣ್ಣು ಬಿಟ್ಟಿರಲಿಲ್ಲ. ಕೊನೆಯ ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಲು ಚರ್ಚಿನಿಂದ ಫಾದರ್ ಬಂದರು. ಮನೆಮಂದಿಯೆಲ್ಲ ಮಂಡಿಯೂರಿದ್ದೆವು. ಫಾದರ್ ಮಂಚದ ಹತ್ತಿರ ಬಾಗಿದರು. ಅಕ್ಕ ಕಣ್ಣು ಬಿಟ್ಟರು.

"ಫಾದರ್," ಅಂದರು ಅಕ್ಕ, "ಕಾಲೊರಸ್ಕೊಂಡ್ರಾ?"

ಪಾಪ ಫಾದರ್, ಎಣ್ಣೆ ಬಟ್ಟಲು ಹಿಡಿದುಕೊಂಡೇ ಬಾಗಿಲಿಗೆ ಹೋಗಿ, ಗೋಣಿತಾಟಿನ ಮೇಲೆ ಶೂ ಉಜ್ಜಿ, ಮತ್ತೆ ಬಂದರು. ಆ ಸಂಜೆ ಅಕ್ಕ ತೀರಿಕೊಂಡರು. ಮಾಡಿದ ಪಾಪಗಳಿಗೆಲ್ಲ ಅವರಿಗೆ ಕ್ಷಮೆ ಸಿಕ್ಕಿತು. ಶೂ ಗುರುತು ಬಿದ್ದ ಆ ನೆಲದ ಟೈಲಿನ ವಿಷಯದಲ್ಲಿ ಫಾದರಿಗೆ ಸಿಕ್ಕಿತೋ ಇಲ್ಲವೋ, ಹೇಳಲಾರೆ.

೫. ಹೆಂಡತಿ, ಜೀವನ, ಚಾಕು, ಜಗಳ

ಗೋರಿಗೆ ಕೂಡಲೇ ಕಲ್ಲು ನಿಲ್ಲಿಸೋದಿಲ್ಲ. ಒಂದು ಮಳೆಗಾಲ ಕಳೆದು ಮಣ್ಣು ಇಳಿಯಬೇಕು. ಸೆಪ್ಟೆಂಬರಿನಲ್ಲಿ ಗೆಳೆಯ ಮನೆಗೆ ಬಂದ. ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು.

"ಡೇ, ನನ್ನ ಹಾರ್ಟ್ ಕೆಟ್ಟೋಗಿದೆ. ಬೈಪಾಸ್ ಅಂತೆ. ತಡ ಮಾಡ್ಬೇಡಿ ಅಂತ ಡಾಕ್ಟರ್ ಬಯ್ತಿದ್ದಾರೆ."

"ಮತ್ತೆ ಅಡ್ಮಿಟ್ ಆಗು ಗುರು!"

"ಆಗಲ್ಲ. ಮೊದ್ಲು ಕಲ್ಲಿನ ಕೆಲಸ ಮುಗೀಬೇಕು. ಆಪರೇಷನ್ ಟೇಬಲ್ ಮೇಲೆ ನಾನು ಹೋಗ್ಬಿಟ್ರೆ ನನ್ನ ಮಗಳು ಹದಿನಾಲ್ಕನೇ ನಂಬರ್ ಹಾಕಿಸ್ತಾಳೆ."

ವಿಷಯ ಇದು. ಸಿಮೆಟ್ರಿಯಲ್ಲಿ ಜಾಗದ ಅಭಾವ, ಗಂಡ ಹೆಂಡತಿಗೆ ಒಂದೇ ಗೋರಿ, ಒಂದೇ ಕಲ್ಲು. ಮೇಲೆ ಅಕ್ಕನ ಹೆಸರು, ಒಂದು ಸಾಲು. ಕೆಳಗೆ ಇವನಿಗೆ ಖಾಲಿ ಜಾಗ. ಇವನು ಹೋದ ಮೇಲೆ ಅಲ್ಲಿ ಇವನ ಹೆಸರು, ಇನ್ನೊಂದು ಸಾಲು. ಎರಡಕ್ಕೂ ಪ್ರಾಸ ಕೂಡಬೇಕು.

"ನೋಡು ಮಚ್ಚಾ, ನಲವತ್ತು ವರ್ಷ ಕೊನೇ ಮಾತು ಅವಳದೇ. ಈ ಕಲ್ಲಲ್ಲಿ ಕೆಳಗಿನ ಸಾಲು ನನ್ದು. ಅದರ ಕೆಳಗೆ ಬರೀ ಮಣ್ಣು. ಅವಳು ಏನೂ ಅನ್ನೋ ಹಾಗಿಲ್ಲ. ಒಂದೇ ಒಂದ್ಸಲ ನಾನು ಗೆಲ್ಬೇಕು. ಆಮೇಲೆ ಎದೆ ಕೊಯ್ಲಿ, ಏನಾದ್ರೂ ಮಾಡ್ಲಿ."

ನಗುತ್ತಲೇ ಹೇಳಿದ, ಆದರೆ ಕೈ ಎದೆ ಮೇಲಿತ್ತು. ನಾನು ಅವತ್ತೇ ಶುರು ಮಾಡಿದೆ. ಇಂಗ್ಲಿಷಿನಲ್ಲಿ ಡೆತ್‌ಗೆ ಸುಲಭವಾಗಿ ಸಿಗುವ ಪ್ರಾಸ ಬ್ರೆತ್ ಒಂದೇ. ಸಾವಿಗೆ ಉಸಿರು. ಅದು ಪೇಪರ್ ಕೌಂಟರಿನ ಎಲ್ಲಾ ನಂಬರುಗಳಲ್ಲೂ ಇದೆ, ಬೇಡ ಅಂದ. ಹಾಗಾದರೆ ವೈಫ್ ಹಿಡಿಯೋಣ ಅಂದೆ.

"ವೈಫ್‌ಗೆ ಏನೇನು ಸಿಗ್ತವೆ?"

"ಲೈಫ್, ಜೀವನ. ನೈಫ್, ಚಾಕು. ಸ್ಟ್ರೈಫ್, ಜಗಳ."

ಅವನು ನನ್ನನ್ನೇ ನೋಡಿದ. "ಹೆಂಡತಿ, ಜೀವನ, ಚಾಕು, ಜಗಳ. ಇಂಗ್ಲಿಷಿನೋರು ಮರ್ಫಿ ಟೌನಿಗೆ ಬಂದು ನಮ್ಮನೆ ಕಿಟಕೀಲಿ ಇಣುಕಿ ನೋಡಿ ಮಾಡಿದ್ದಾ ಈ ಭಾಷೆನ?"

೬. ಗೋಣಿ ಹೊದ್ದ ಕಲ್ಲು

ಸಿಮೆಟ್ರಿ ಗೇಟಿನ ಹತ್ತಿರ ಕಲ್ಲು ಕೆತ್ತುವವನ ಶೆಡ್ಡು. ತೆಳ್ಳಗಿನ ಮನುಷ್ಯ, ಹುಬ್ಬಿನ ಮೇಲೆಲ್ಲ ಬಿಳಿ ಪುಡಿ. ನಾವು ಹೋದ ತಕ್ಷಣ ಟೀ ತರಿಸಿ, ಕಲ್ಲುಗಳ ನಡುವೆ ಅಡ್ಡಡ್ಡ ಮಲಗಿಸಿ ಗೋಣಿಚೀಲ ಹೊದಿಸಿದ್ದ ಒಂದು ಕಲ್ಲನ್ನು ತೋರಿಸಿ, "ಕೂತ್ಕೊಳ್ಳಿ ಸಾರ್," ಅನ್ನುತ್ತಿದ್ದ. ಅದರ ಮೇಲೇ ಕೂತು ನಾವು ಸಾಲು ಹೊಂದಿಸುತ್ತಿದ್ದೆವು.

ಅವನಿಗೆ ಯಾವ ಸಾಲೂ ಹಿಡಿಸುತ್ತಿರಲಿಲ್ಲ. ಒಂದಕ್ಕೆ, "ಉದ್ದ ಆಯ್ತು ಸಾರ್." ಇನ್ನೊಂದಕ್ಕೆ, "ಗಿಡ್ಡ ಆಯ್ತು, ಕಲ್ಲು ಬೋಳು ಕಾಣ್ಸುತ್ತೆ." ಮತ್ತೊಂದಕ್ಕೆ ಸುಮ್ಮನೆ ನಕ್ಕು, "ಯೋಚ್ನೆ ಮಾಡಿ ಸಾರ್, ಇನ್ನೂ ಟೈಮ್ ಐತೆ." ಇಲ್ಲಿ ಒಬ್ಬನ ಎದೆಯಲ್ಲಿ ಟೈಮ್ ಇಲ್ಲ, ಇವನು ಇದೆ ಅನ್ನುತ್ತಾನೆ! ವಾರ ಕಳೆದು ವಾರ ಬಂತು. ಗೆಳೆಯನ ತುಟಿ ನೀಲಿಗಟ್ಟಲು ಶುರುವಾಯಿತು. ಕೆ.ಆರ್. ಪುರಂನಲ್ಲಿರುವ ಅವನ ಮಗಳು ನನಗೆ ಫೋನ್ ಮಾಡಿ, "ಅಂಕಲ್, ನಿಮ್ಮ ಪದ್ಯದಿಂದ ನಮ್ಮಪ್ಪ ಸಾಯ್ತಾರೆ," ಅಂತ ಅತ್ತಳು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಕೊನೆಗೆ ಒಂದು ದಿನ, ಅದೇ ಗೋಣಿಯ ಮೇಲೆ ಕೂತಿದ್ದಾಗ, ನನಗೆ ಹೊಳೆಯಿತು. ಹರ್ಡ್, ವರ್ಡ್. ಹರ್ಡ್ ಅಂದರೆ ಕೇಳಿಸಿಕೊಂಡೆ, ವರ್ಡ್ ಅಂದರೆ ಮಾತು. ಮೇಲಿನ ಸಾಲು: ಲಾಂಗ್ ಯು ಸ್ಪೋಕ್ ಅಂಡ್ ಲಾಂಗ್ ಐ ಹರ್ಡ್. ಬಹಳ ಕಾಲ ನೀನು ಆಡಿದೆ, ಬಹಳ ಕಾಲ ನಾನು ಕೇಳಿದೆ. ಕೆಳಗಿನ ಸಾಲು: ನೌ ಲೆಟ್ ಮಿ ಹ್ಯಾವ್ ದ ಫೈನಲ್ ವರ್ಡ್. ಈಗ ಕೊನೆಯ ಮಾತು ನನಗಿರಲಿ.

ಗೆಳೆಯ ನನ್ನ ಬೋಳುತಲೆಗೆ ಮುತ್ತು ಕೊಟ್ಟ. ಮಗಳು ಫೋನಿನಲ್ಲಿ, "ಅಪ್ಪಾ, ಅಮ್ಮನ ಗೋರಿ ಮೇಲೆ ಕಂಪ್ಲೇಂಟ್ ಬರೆಸ್ತೀಯಾ?" ಅಂತ ಕೂಗಾಡಿದಳು. ಇವನು ಕೇಳಲಿಲ್ಲ. ಹಲಸೂರಿನ ಗಲ್ಲಿಯಲ್ಲಿ ನಿಂತು, ಕೂತು, ಮತ್ತೆ ನಿಂತು, ಮನೆವರೆಗೂ ಹರ್ಡ್, ವರ್ಡ್ ಅಂತ ಹಾಡಿಕೊಂಡು ನಡೆದ. ಕೆತ್ತುವವನು ಈ ಸಲ ಉದ್ದ ಅನ್ನಲಿಲ್ಲ, ಗಿಡ್ಡ ಅನ್ನಲಿಲ್ಲ. ನಾವು ಕೂತಿದ್ದ ಗೋಣಿಯನ್ನು ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು, "ಹಬ್ಬದ ದಿನ ಕಲ್ಲು ನಿಂತಿರುತ್ತೆ ಸಾರ್," ಅಂದ. ಅಷ್ಟೇ ಅಂದದ್ದು. ನಾವು ಯಾವ ಕಲ್ಲು ಅಂತ ಕೇಳಲಿಲ್ಲ. ಕೇಳೋಕೆ ಅಲ್ಲಿ ಏನಿದೆ ಅಂದುಕೊಂಡಿದ್ದೆವು.

೭. ಹಬ್ಬದ ದಿನ

ವರ್ಷಕ್ಕೊಂದು ದಿನ ಸತ್ತವರ ಹಬ್ಬ. ಮರ್ಫಿ ಟೌನಿನ ತಮಿಳಿನಲ್ಲಿ ಕಲ್ಲರೆ ತಿರುನಾಳ್, ಅಂದರೆ ಗೋರಿಗಳ ಹಬ್ಬ. ಗೇಟಿನ ಹೊರಗೆ ಸೇವಂತಿಗೆ, ಮೇಣದಬತ್ತಿ, ಕಡಲೆಕಾಯಿ. ಒಳಗೆ ಗೋರಿ ತೊಳೆಯುವವರು, ಸುಣ್ಣ ಬಳಿಯುವವರು, ಅಳುವವರು, ಅತ್ತು ಮುಗಿಸಿ ಕಾಫಿ ಕುಡಿಯುವವರು. ಹೊಸ ಬಿಳಿ ಷರಟಿನಲ್ಲಿ ಗೆಳೆಯ ಮದುವೆ ಗಂಡಿನ ಹಾಗಿದ್ದ. ಮಗಳು ಅವನ ರಟ್ಟೆ ಹಿಡಿದುಕೊಂಡಿದ್ದಳು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ.

ಕಲ್ಲು ನಿಂತಿತ್ತು, ಗೋಣಿ ಮುಸುಕು ಹಾಕಿಕೊಂಡು. ಗೆಳೆಯ ಗುರುತು ಹಿಡಿದ.

"ಏನಯ್ಯಾ, ಇದು ನಾವು ಕೂತ್ಕೋತಿದ್ದ ಕಲ್ಲಲ್ವಾ?"

"ಹೌದು ಸಾರ್." ಕೆತ್ತುವವನು ನೆಲ ನೋಡುತ್ತಿದ್ದ. "ಮಕಾಡೆ ಮಲಗ್ಸಿದ್ದೆ. ನಿಮ್ಮನೆ ಅಮ್ಮ ಚೆಕಪ್‌ಗೆ ಆಸ್ಪತ್ರೆಗೆ ಹೋಗೋವಾಗ ಆಟೋ ನಿಲ್ಸಿ ಇಳಿದು ಬರೋರು. ಹೋದ ವರ್ಷಾನೇ ನಿಂತ್ಕೊಂಡು ಕೆತ್ತಿಸಿದ್ರು. ಎರಡೂ ಸಾಲು. ನಮ್ಮನೆಯೋರು ಬರ್ತಾರೆ, ಬಾಯಿ ಬಿಡ್ಬೇಡ, ಒಂದಿಷ್ಟು ದಿನ ಒದ್ದಾಡ್ಲಿ, ಹಬ್ಬದ ದಿನ ತೆಗಿ ಅಂದಿದ್ರು. ನಾನು ಏನ್ ಮಾಡ್ಲಿ ಸಾರ್, ಅಮ್ಮನ ಎದುರು ಮಾತಾಡೋಕ್ ಆಗುತ್ತಾ?"

ಗೋಣಿ ಜಾರಿಸಿದ. ಒಂದು ಕೊಡ ನೀರು ಹೊಯ್ದ. ಅಕ್ಷರಗಳು ಒಂದೊಂದಾಗಿ ಕಪ್ಪಗೆ ಎದ್ದವು. ಅಕ್ಕನ ಹೆಸರು. ಅದರ ಕೆಳಗೆ:

ಹಿಯರ್ ಐ ರೆಸ್ಟ್, ಮೈ ವರ್ಕ್ ಇಸ್ ಡನ್.

ಇಲ್ಲಿ ಮಲಗಿದ್ದೇನೆ, ನನ್ನ ಕೆಲಸ ಮುಗಿಯಿತು. ಆಮೇಲೆ ಗೆಳೆಯನ ಹೆಸರು, ಹುಟ್ಟಿದ ವರ್ಷ, ಒಂದು ಸಣ್ಣ ಗೆರೆ, ಗೆರೆಯಾಚೆ ಖಾಲಿ. ಅದರ ಕೆಳಗೆ, ಕಲ್ಲಿನ ಕಟ್ಟಕಡೆಯಲ್ಲಿ, ಇವನದಾಗಬೇಕಿದ್ದ ಸಾಲು:

ವೈಪ್ ಯುವರ್ ಫೀಟ್ ಬಿಫೋರ್ ಯು ಕಮ್.

ಕಾಲೊರಸ್ಕೊಂಡ್ ಬಾ.

ಮಗಳು ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಇಂಥ ಹೊತ್ತಿನಲ್ಲಿ ಸುಮ್ಮನಿರಬೇಕು ಅಂತ ನನಗೂ ಗೊತ್ತು. ಆದರೆ ಚಟ ನೋಡಿ, ಬಾಯಿ ಜಾರಿತು.

"ಗುರು, ಡನ್‌ಗೂ ಕಮ್‌ಗೂ ಪ್ರಾಸ ಪೂರ್ತಿ ಕೂಡಲ್ಲ. ಒಂದು ನಕಾರ, ಒಂದು ಮಕಾರ."

ಗೆಳೆಯ ನಿಧಾನವಾಗಿ ನನ್ನ ಕಡೆ ತಿರುಗಿದ. ಕಣ್ಣು ತುಂಬಿ ಹರಿಯುತ್ತಿತ್ತು.

"ಡೇ, ಧೈರ್ಯ ಇದ್ರೆ ಅವಳಿಗೇ ಹೇಳು."

ಅವನು ಚಪ್ಪಲಿ ಬಿಟ್ಟ. ಕೆಳಗೆ ಬಿದ್ದಿದ್ದ ಆ ಗೋಣಿಯ ಮೇಲೆ ನಿಂತು, ಮೊದಲು ಬಲಗಾಲು, ಆಮೇಲೆ ಎಡಗಾಲು, ಚೆನ್ನಾಗಿ ಉಜ್ಜಿ ಒರೆಸಿಕೊಂಡು ಮುಂದೆ ಹೋಗಿ, ಕಲ್ಲಿನ ತಲೆಯ ಮೇಲೆ ಸೇವಂತಿಗೆ ಹಾರ ಹಾಕಿದ. ಮಗಳು ಕೇಳಿದಳು, "ಅಪ್ಪಾ, ಈಗಾದ್ರೂ ಅಡ್ಮಿಟ್ ಆಗ್ತೀಯಾ?"

"ನಾಳೇನೇ ಆಗ್ತೀನಿ ಕಣಮ್ಮ," ಅಂದ. "ನನಗೆ ಅಂತ ಇಲ್ಲಿ ಇನ್ನೇನು ಕೆಲಸ ಉಳಿಸಿದ್ದಾಳೆ ನಿಮ್ಮಮ್ಮ?"

ಅವನ ಹಿಂದೆ ಮಗಳು ಕಾಲೊರೆಸಿಕೊಂಡಳು. ಕೆತ್ತುವವನು ಒರೆಸಿಕೊಂಡ. ಗೋರಿಗಳಿಗೆ ತೀರ್ಥ ಚಿಮುಕಿಸುತ್ತಾ ಆ ಸಾಲಿಗೆ ಬಂದ ಫಾದರ್, ಮೂರು ಜನ ಸಾಲಾಗಿ ಗೋಣಿ ತುಳಿಯುವುದನ್ನು ನೋಡಿ, ಕಲ್ಲು ಓದಿ, ಏನೂ ಕೇಳದೆ ತಾವೂ ಶೂ ಉಜ್ಜಿಕೊಂಡರು. ನಾನು ಕೊನೆಯವನು. ಅವತ್ತು ನವೆಂಬರ್ ಎರಡು, ಭಾನುವಾರ, ಕಲ್ಲರೆ ತಿರುನಾಳ್.